ಬೋರ್ಡು ಮಾಡಿಸುವ ಮುನ್ನ: ಕಾರ್ಖಾನೆಗೆ ಕಳುಹಿಸುವ ಗರ್ಬರ್ ಕಡತಗಳ ಸಿದ್ಧತೆ

ಉದ್ದನಪಲ್ಲಿ: ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಉದ್ದನಪಲ್ಲಿ ಸೀಮೆಗೆ ಎಲೆಕ್ಟ್ರಾನಿಕ್ಸ್ ಎಂಬ ಮಾತು ಈಗ ಹೊಸದಲ್ಲ. ಟಾಟಾ ಎಲೆಕ್ಟ್ರಾನಿಕ್ಸ್ ಕಂಪನಿಯ ದೊಡ್ಡ ಕಾರ್ಖಾನೆ ಇದೇ ಸೀಮೆಯಲ್ಲಿದ್ದು, ಐಫೋನಿನ ಹೊರಕವಚ ಅಲ್ಲಿ ತಯಾರಾಗುತ್ತದೆ. ಪಾಳಿಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಿ ಬರುವುದು ದಿನನಿತ್ಯದ ನೋಟ. ಆದರೆ ಇಲ್ಲಿ ಹೇಳಹೊರಟಿರುವುದು ದೊಡ್ಡ ಕಾರ್ಖಾನೆಯ ವಿಷಯವಲ್ಲ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಕೊಳವೆಬಾವಿ ಮೋಟಾರಿಗೆ ಮೊಬೈಲ್ ಸ್ಟಾರ್ಟರ್, ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಪ್ರಿವೆಂಟರ್, ಗುಲಾಬಿ ಪಾಲಿಹೌಸಿಗೆ ಹನಿ ನೀರಾವರಿ ಟೈಮರ್ ಮುಂತಾದವನ್ನು ತಾವೇ ಮಾಡಲು ಹೊರಟವರಿಗೆ ಬೇಕಾದ ಮಾಹಿತಿ ಇದು. ಸರ್ಕ್ಯೂಟ್ ಬೋರ್ಡಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದಾದ ಮೇಲೆ ಅದನ್ನು ಬೋರ್ಡು ತಯಾರಿಸುವವರಿಗೆ ಯಾವ ರೂಪದಲ್ಲಿ ಕಳುಹಿಸಬೇಕು, ಕಳುಹಿಸುವ ಮುನ್ನ ಏನೇನು ನೋಡಿಕೊಳ್ಳಬೇಕು ಎಂಬುದೇ ವಿಷಯ.

ಮೊದಲೇ ಒಂದು ಮಾತು ತಿಳಿದಿರಬೇಕು. ಬೋರ್ಡು ತಯಾರಿಸುವ ಕಾರ್ಖಾನೆ ಕಡತದಲ್ಲಿ ಏನಿದೆಯೋ ಅದನ್ನೇ ಮಾಡಿಕೊಡುತ್ತದೆ. ಕಡತ ಬಂದ ಕೂಡಲೇ ಅಲ್ಲಿಯೂ ಒಂದು ತಪಾಸಣೆ ನಡೆಯುವುದು ನಿಜ. ಆದರೆ ಆ ತಪಾಸಣೆ ನೋಡುವುದು 'ಇದನ್ನು ನಮ್ಮ ಯಂತ್ರದಲ್ಲಿ ಮಾಡಲು ಆಗುತ್ತದೆಯೇ' ಎಂಬುದನ್ನು ಮಾತ್ರ. ಬೋರ್ಡು ಕೆಲಸ ಮಾಡುತ್ತದೆಯೇ, ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ನೂರು ಬೋರ್ಡು ಬಂದ ಮೇಲೆ ತಪ್ಪು ಕಂಡರೆ ನೂರೂ ರದ್ದಿಗೆ. ಅದಕ್ಕಿಂತ ಕೆಟ್ಟದ್ದೆಂದರೆ ತಪ್ಪು ಕಾಣದೆ ಅವು ತೋಟದ ಸ್ಟಾರ್ಟರ್ ಪೆಟ್ಟಿಗೆ ಸೇರುವುದು.

ಗರ್ಬರ್ ಎಂದರೇನು?

ಕಾರ್ಖಾನೆಗಳು ಕೇಳುವ ಮುಖ್ಯ ಕಡತದ ಹೆಸರು ಗರ್ಬರ್. ಇದು ಒಬ್ಬ ಮನುಷ್ಯನ ಹೆಸರು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜೋಸೆಫ್ ಗರ್ಬರ್ ಕಟ್ಟಿದ ಕಂಪನಿ, ಬೆಳಕಿನ ಕಿರಣದಿಂದ ಫಿಲಂ ಮೇಲೆ ನಕ್ಷೆ ಬರೆಯುವ ಯಂತ್ರಗಳನ್ನು ಮಾಡುತ್ತಿತ್ತು. ಆ ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಯೇ ಗರ್ಬರ್. 'ಇಂಥ ಗಾತ್ರದ ಕಿಂಡಿ ಇಟ್ಟುಕೋ, ಇಲ್ಲಿಗೆ ಹೋಗು, ಬೆಳಕು ಹಾಯಿಸು, ಅಲ್ಲಿವರೆಗೆ ಎಳೆ, ಬೆಳಕು ಮುಚ್ಚು' ಎಂಬಂಥ ಸಾಲುಗಳು ಅದರಲ್ಲಿರುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಈಗಲೂ ಅವು ಕಾಣುತ್ತವೆ.

ಹಳೆಯ ಆರ್‌ಎಸ್-274ಡಿ ರೂಪದಲ್ಲಿ ಕಿಂಡಿಗಳ ಪಟ್ಟಿಯನ್ನು ಬೇರೆ ಕಡತವಾಗಿ ಕಳುಹಿಸಬೇಕಿತ್ತು. ಪಟ್ಟಿ ತಪ್ಪಿಹೋದರೆ ಯಾವ ಗೆರೆ ಎಷ್ಟು ದಪ್ಪ ಎಂಬುದೇ ತಿಳಿಯುತ್ತಿರಲಿಲ್ಲ. ಆರ್‌ಎಸ್-274ಎಕ್ಸ್ ಬಂದ ಮೇಲೆ ಆ ಪಟ್ಟಿ ಕಡತದೊಳಗೇ ಸೇರಿತು. ಈ ಮಾನದಂಡವನ್ನು ಈಗ ನೋಡಿಕೊಳ್ಳುವ ಬೆಲ್ಜಿಯಂನ ಯೂಕಾಮ್‌ಕೊ ಸಂಸ್ಥೆ 2014ರಲ್ಲಿ ಎಕ್ಸ್2 ಎಂಬ ಹೊಸ ರೂಪವನ್ನು ತಂದಿತು. ಇದರಲ್ಲಿ 'ಇದು ಮೇಲಿನ ತಾಮ್ರ', 'ಇದು ಕೆಳಗಿನ ಮಾಸ್ಕ್' ಎಂದು ಕಡತವೇ ಹೇಳಿಕೊಳ್ಳುತ್ತದೆ. ತಂತ್ರಾಂಶದಲ್ಲಿ ಆಯ್ಕೆ ಕೇಳಿದರೆ ಎಕ್ಸ್2 ಅಥವಾ 274ಎಕ್ಸ್ ಎಂದು ಕೊಟ್ಟರೆ ಸಾಕು. 274ಡಿ ಕೊಡಲೇಬಾರದು.

ನಕ್ಷೆ ಬರೆಯಲು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಹಲವಿವೆ. ಹೊಸದಾಗಿ ಕಲಿಯುವವರಿಗೆ ಕೈಕ್ಯಾಡ್ ಸಾಕು. ಫ್ರಾನ್ಸಿನ ಜಾನ್-ಪಿಯೆರ್ ಶರಾಸ್ 1992ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ. ಭೌತವಿಜ್ಞಾನದ ಸರ್ನ್ ಸಂಸ್ಥೆಯೂ ಇದರ ಬೆಳವಣಿಗೆಗೆ ನೆರವಾಗಿದೆ. ಕಾಲೇಜುಗಳಲ್ಲಿ ಬಹಳ ವರ್ಷ ಬಳಕೆಯಲ್ಲಿದ್ದ ಈಗಲ್ ತಂತ್ರಾಂಶವನ್ನು 2026ರ ಜೂನ್ 7ಕ್ಕೆ ನಿಲ್ಲಿಸುವುದಾಗಿ ಆಟೋಡೆಸ್ಕ್ ಕಂಪನಿ 2023ರಲ್ಲೇ ಪ್ರಕಟಿಸಿತು. ಅದರಲ್ಲಿ ಹಳೆಯ ನಕ್ಷೆ ಇಟ್ಟುಕೊಂಡವರು ಕೈಕ್ಯಾಡ್‌ಗೆ ತಂದುಕೊಳ್ಳಬಹುದು.

ಯಾವ ಯಾವ ಕಡತ ಬೇಕು?

ಎರಡು ಬದಿಯ ಸಾಮಾನ್ಯ ಬೋರ್ಡಿಗೆ ಒಂದು ಪದರಕ್ಕೆ ಒಂದು ಕಡತ. ಮೇಲಿನ ತಾಮ್ರ, ಕೆಳಗಿನ ತಾಮ್ರ; ಮೇಲಿನ ಮತ್ತು ಕೆಳಗಿನ ಸೋಲ್ಡರ್ ಮಾಸ್ಕ್, ಅಂದರೆ ಹಸಿರು ಬಣ್ಣದ ಲೇಪ; ಮೇಲಿನ ಮತ್ತು ಕೆಳಗಿನ ಬಿಳಿ ಅಕ್ಷರ, ಅಂದರೆ ಸಿಲ್ಕ್‌ಸ್ಕ್ರೀನ್; ಬೋರ್ಡಿನ ಅಂಚು. ಇವು ಏಳು. ಎಂಟನೆಯದು ತೂತುಗಳ ಕಡತ. ಕೆಳಗೆ ಅಕ್ಷರವೇ ಇಲ್ಲದಿದ್ದರೆ ಆ ಕಡತ ಬೇಡ. ಸೋಲ್ಡರ್ ಪೇಸ್ಟ್ ಎಂಬ ಇನ್ನೊಂದು ಪದರವೂ ಹೊರಬರುತ್ತದೆ. ಅದು ಬೋರ್ಡಿಗಲ್ಲ, ಮೇಲ್ಮೈ ಬಿಡಿಭಾಗಗಳಿಗೆ ಪೇಸ್ಟ್ ಬಳಿಯುವ ಸ್ಟೆನ್ಸಿಲ್ ಮಾಡಲು.

ಮಾಸ್ಕ್ ಕಡತ ತೆರೆದವರು ಮೊದಲ ಸಲ ಗಾಬರಿಯಾಗುವುದುಂಟು. ಲೇಪ ಎಲ್ಲಿರಬೇಕೋ ಅಲ್ಲಿ ಖಾಲಿ, ಪ್ಯಾಡ್ ಇರುವಲ್ಲಿ ಮಾತ್ರ ಚುಕ್ಕೆ. ಅದು ಸರಿಯಾಗಿಯೇ ಇದೆ. ಮಾಸ್ಕ್ ಕಡತ ಹೇಳುವುದು ಲೇಪ ಎಲ್ಲಿ ಬೇಡ ಎಂಬುದನ್ನು.

ಇನ್ನೊಂದು ಗೊಂದಲ ಕನ್ನಡಿ ಬಿಂಬದ್ದು. ಮನೆಯಲ್ಲೇ ಬೋರ್ಡು ಮಾಡಿದವರಿಗೆ ಇದು ಹೆಚ್ಚು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾಮ್ರದ ಹಲಗೆ ತಂದು, ಲೇಸರ್ ಪ್ರಿಂಟನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ಫೆರಿಕ್ ಕ್ಲೋರೈಡಿನಲ್ಲಿ ತೊಳೆಯುವ ವಿಧಾನದಲ್ಲಿ, ಮೇಲಿನ ತಾಮ್ರವನ್ನು ತಿರುಗುಮುರುಗಾಗಿ ಮುದ್ರಿಸಬೇಕಾಗುತ್ತದೆ. ಆ ಅಭ್ಯಾಸ ಗರ್ಬರ್‌ಗೆ ಬರಬಾರದು. ಎಲ್ಲ ಪದರಗಳನ್ನೂ ಬೋರ್ಡನ್ನು ಮೇಲಿನಿಂದ ಗಾಜಿನಂತೆ ನೋಡಿದ ಹಾಗೆಯೇ ಕಳುಹಿಸಬೇಕು. ಕೆಳಗಿನ ಪದರದ ಅಕ್ಷರ ತೆರೆಯ ಮೇಲೆ ತಿರುಗುಮುರುಗಾಗಿ ಕಂಡರೆ ಸರಿ ಇದೆ ಎಂದರ್ಥ. 'ಮಿರರ್' ಎಂಬ ಗುರುತನ್ನು ಮುಟ್ಟಬಾರದು. ಎರಡೂ ತಾಮ್ರದ ಮೇಲೆ ಒಂದೊಂದು ಸಣ್ಣ ಅಕ್ಷರ ಹಾಕಿಟ್ಟರೆ ಕಾರ್ಖಾನೆಯವರಿಗೂ ಅನುಮಾನ ಉಳಿಯುವುದಿಲ್ಲ.

ತೂತಿನ ಲೆಕ್ಕ

ತೂತುಗಳ ಕಡತ ಸಾಮಾನ್ಯವಾಗಿ ಎಕ್ಸೆಲಾನ್ ಎಂಬ ರೂಪದಲ್ಲಿರುತ್ತದೆ. ಬಿಟ್ ಗಾತ್ರಗಳ ಪಟ್ಟಿ, ನಂತರ ಪ್ರತಿ ತೂತಿನ ಜಾಗ, ಅಷ್ಟೆ. ಹಳೆಯ ಕಾಲದ ಈ ರೂಪದಲ್ಲಿ ಅಂಕಿಯ ದಶಾಂಶ ಬಿಂದುವನ್ನೂ ಸೊನ್ನೆಗಳನ್ನೂ ಬಿಟ್ಟುಬಿಡುವ ಪದ್ಧತಿಯಿದೆ. ಮುಂದಿನ ಸೊನ್ನೆ ಬಿಟ್ಟಿದ್ದಾರೋ ಹಿಂದಿನದೋ ಎಂದು ಓದುವ ಯಂತ್ರಕ್ಕೆ ತಪ್ಪಾಗಿ ತಿಳಿದರೆ ತೂತುಗಳೆಲ್ಲ ಹತ್ತು ಪಟ್ಟು, ನೂರು ಪಟ್ಟು ದೂರ ಹಾರುತ್ತವೆ. ಇಂಚು-ಮಿಲಿಮೀಟರ್ ಅದಲುಬದಲಾದರೆ 25.4 ಪಟ್ಟು. ದಶಾಂಶ ಬಿಂದು ಸಹಿತ, ಮಿಲಿಮೀಟರಿನಲ್ಲಿ ಎಂದು ಆಯ್ಕೆ ಮಾಡಿದರೆ ಈ ತೊಂದರೆ ಇಲ್ಲ. ಗರ್ಬರ್ ಕಡತಗಳಿಗೂ ತೂತಿನ ಕಡತಕ್ಕೂ ಮೂಲಬಿಂದು ಒಂದೇ ಇರಬೇಕು. ಇಲ್ಲದಿದ್ದರೆ ತೂತು ಒಂದು ಕಡೆ, ಪ್ಯಾಡ್ ಇನ್ನೊಂದು ಕಡೆ.

ತಾಮ್ರ ಲೇಪಿಸಿದ ತೂತು ಬೇರೆ, ಸ್ಕ್ರೂ ಹಾಕುವ ಲೇಪವಿಲ್ಲದ ತೂತು ಬೇರೆ. ಇವನ್ನು ಎರಡು ಕಡತವಾಗಿ ಅಥವಾ ಒಂದರಲ್ಲೇ ಬೇರೆ ಗುರುತಿನಿಂದ ಕಳುಹಿಸಬೇಕು. ತೂತಿನ ಗಾತ್ರ ಎಂದರೆ ಲೇಪವಾದ ಮೇಲೆ ಉಳಿಯುವ ಗಾತ್ರ. ಕಾರ್ಖಾನೆ ಅದಕ್ಕೆ ತಕ್ಕಂತೆ ದೊಡ್ಡ ಬಿಟ್ ಹಾಕಿಕೊಳ್ಳುತ್ತದೆ. ಆದರೂ ಬಿಡಿಭಾಗದ ಕಾಲಿಗಿಂತ ಕಾಲು ಮಿಲಿಮೀಟರಾದರೂ ದೊಡ್ಡದಾಗಿರಲಿ. ರಿಲೇ, ವೈರ್ ಕನೆಕ್ಟರ್ ಇವುಗಳ ಕಾಲು ದಪ್ಪ. ಬೋರ್ಡು ಕೈಗೆ ಬಂದ ದಿನ ರಿಲೇ ಇಳಿಯದೆ ಕೂತರೆ ಕೈ ಡ್ರಿಲ್ಲಿನಿಂದ ತೂತು ದೊಡ್ಡದು ಮಾಡುವಂತಿಲ್ಲ. ಒಳಗಿನ ತಾಮ್ರದ ಲೇಪ ಕಿತ್ತುಹೋಗಿ ಮೇಲಿನ-ಕೆಳಗಿನ ಸಂಪರ್ಕವೇ ತಪ್ಪುತ್ತದೆ.

ಅಳತೆಯ ಮಾತಿಗೆ ಬಂದರೆ 'ಮಿಲ್' ಎಂಬ ಪದ ಮೋಸದ್ದು. ಬೋರ್ಡು ಲೋಕದಲ್ಲಿ ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ, 0.0254 ಮಿ.ಮೀ. ಹೊಸೂರಿನ ಲೇತ್ ಶೆಡ್ಡುಗಳಲ್ಲಿ 'ಥೌ' ಎನ್ನುವುದೂ ಇದನ್ನೇ. ಮಾತಿನಲ್ಲಿ ಮಿಲಿಮೀಟರನ್ನೂ 'ಮಿಲ್' ಎಂದು ಕತ್ತರಿಸುವವರಿದ್ದಾರೆ. ಫೋನಿನಲ್ಲಿ ಅಳತೆ ಹೇಳುವಾಗ ಪೂರ್ತಿ ಹೆಸರನ್ನೇ ಹೇಳುವುದು ಒಳ್ಳೆಯದು.

ಎಷ್ಟು ಸಣ್ಣದು ಮಾಡಬಹುದು?

ಕಾರ್ಖಾನೆಯಿಂದ ಕಾರ್ಖಾನೆಗೆ ಮಿತಿ ಬದಲಾಗುತ್ತದೆ. ಅವರ ಪಟ್ಟಿಯನ್ನು ಮೊದಲೇ ತರಿಸಿಕೊಂಡು, ಅದನ್ನೇ ತಂತ್ರಾಂಶದ ನಿಯಮವಾಗಿ ತುಂಬಬೇಕು. ಸಾಮಾನ್ಯ ದರದ ಬೋರ್ಡಿಗೆ ಟ್ರ್ಯಾಕ್ ಅಗಲ ಮತ್ತು ಅಂತರ 0.15 ಮಿ.ಮೀ., ತೂತು 0.3 ಮಿ.ಮೀ. ವರೆಗೆ ಹೆಚ್ಚಿನವರು ಮಾಡುತ್ತಾರೆ. ಆದರೆ ಜಾಗ ಇರುವಾಗ ಅಷ್ಟು ಸಣ್ಣದಕ್ಕೆ ಹೋಗುವ ಅಗತ್ಯವೇ ಇಲ್ಲ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಜಾಗಕ್ಕೇನು ಬರ? ಹಾಗೆಯೇ ತಾಮ್ರವನ್ನು ಬೋರ್ಡಿನ ಅಂಚಿನಿಂದ ಅರ್ಧ ಮಿಲಿಮೀಟರಾದರೂ ಒಳಗಿಡಬೇಕು.

ಸಣ್ಣದಕ್ಕಿಂತ ದೊಡ್ಡದರ ಬಗ್ಗೆ ಯೋಚನೆ ಬೇಕು. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ಅದರಲ್ಲಿ 1 ಮಿ.ಮೀ. ಅಗಲದ ಟ್ರ್ಯಾಕ್ ಹೆಚ್ಚು ಬಿಸಿಯಾಗದೆ ಸುಮಾರು 2 ಆಂಪಿಯರ್ ಹೊರುತ್ತದೆ. 10 ಆಂಪಿಯರಿಗೆ ಬೇಕಾಗುವ ಅಗಲ ಸುಮಾರು 7 ಮಿ.ಮೀ. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದೆ ಎಂದು ನಂಬಿ ಅದರ ಕಾಲಿಗೆ ನೂಲಿನಂಥ ಟ್ರ್ಯಾಕ್ ಕೊಟ್ಟರೆ ರಿಲೇ ಉಳಿಯುತ್ತದೆ, ಟ್ರ್ಯಾಕ್ ಸುಡುತ್ತದೆ. ಇದನ್ನು ಯಾವ ಕಾರ್ಖಾನೆಯ ತಪಾಸಣೆಯೂ ಹಿಡಿಯುವುದಿಲ್ಲ.

ಮೇನ್ಸ್ ಇರುವ ಬೋರ್ಡು: ಎಲ್ಲಕ್ಕಿಂತ ಮುಖ್ಯ

ಮೊಬೈಲ್ ಸ್ಟಾರ್ಟರಿನ ಬೋರ್ಡಿನಲ್ಲಿ ಎರಡು ಲೋಕಗಳಿವೆ. ಒಂದು ಕಡೆ 230 ವೋಲ್ಟ್, ಮೂರು ಫೇಸ್ ಇದ್ದರೆ ಫೇಸ್‌ಗಳ ನಡುವೆ 415 ವೋಲ್ಟ್. ಇನ್ನೊಂದು ಕಡೆ 5 ವೋಲ್ಟಿನಲ್ಲಿ ಓಡುವ ಮೈಕ್ರೋಕಂಟ್ರೋಲರ್, ಸಿಮ್ ಮಾಡ್ಯೂಲ್, ರೈತನ ಬೆರಳು ಮುಟ್ಟುವ ಗುಂಡಿ. ಎರಡರ ನಡುವೆ ಗಾಳಿಯ ಅಂತರವೂ ಬೋರ್ಡಿನ ಮೈ ಮೇಲಿನ ಅಂತರವೂ ಸಾಕಷ್ಟಿರಬೇಕು. 230 ವೋಲ್ಟಿಗೆ 6 ಮಿ.ಮೀ.ಗಿಂತ ಕಡಿಮೆ ಬಿಡದಿರುವುದು ರೂಢಿ. ಧೂಳು, ತೇವ ಇರುವ ಕಡೆ ಮತ್ತು 415 ವೋಲ್ಟಿಗೆ ಇನ್ನೂ ಹೆಚ್ಚು. ತೋಟದ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಮಲಗುತ್ತದೆ. ಪುಸ್ತಕದ ಅಂತರ ಅಲ್ಲಿ ಕಡಿಮೆಯೇ ಆದೀತು. ಹಸಿರು ಮಾಸ್ಕ್ ಇದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ. ಅದು ಬೆಸುಗೆ ಹರಡದಿರಲು ಹಾಕುವ ತೆಳು ಲೇಪ, ಕರೆಂಟು ತಡೆಯುವ ಗೋಡೆಯಲ್ಲ.

ಇಲ್ಲಿಯೇ ಕಡತದ ಮೂರು ತಪ್ಪುಗಳು ಅಪಾಯಕ್ಕೆ ದಾರಿ ಮಾಡುತ್ತವೆ.

ಮೊದಲನೆಯದು ನಿಯಮದ್ದು. ತಂತ್ರಾಂಶದ ತಪಾಸಣೆ, ಅಂದರೆ ಡಿಆರ್‌ಸಿ, 'ತಪ್ಪು ಸೊನ್ನೆ' ಎಂದು ತೋರಿಸುತ್ತದೆ. ಆದರೆ ನಿಯಮದಲ್ಲಿ ಅಂತರ 0.2 ಮಿ.ಮೀ. ಎಂದಿದ್ದರೆ, ಫೇಸ್ ತಂತಿಗೂ 5 ವೋಲ್ಟಿಗೂ ನಡುವೆ 0.2 ಮಿ.ಮೀ. ಇದ್ದರೂ ಅದಕ್ಕೆ ಸರಿಯೇ. ಮೇನ್ಸ್ ತಂತಿಗಳನ್ನು ಬೇರೆ ಗುಂಪು ಮಾಡಿ, ಆ ಗುಂಪಿಗೂ ಉಳಿದದ್ದಕ್ಕೂ 6 ಅಥವಾ 8 ಮಿ.ಮೀ. ಎಂದು ನಿಯಮ ಬರೆದ ಮೇಲೆ ಬರುವ 'ಸೊನ್ನೆ'ಗೆ ಮಾತ್ರ ಬೆಲೆ.

ಎರಡನೆಯದು ತಾಮ್ರದ ತುಂಬುವಿಕೆ. ಖಾಲಿ ಜಾಗಕ್ಕೆಲ್ಲ ಗ್ರೌಂಡ್ ತಾಮ್ರ ಹರಡುವುದು ವಾಡಿಕೆ. ತಡೆ ಹಾಕದಿದ್ದರೆ ಅದು ನೀರಿನಂತೆ ಮೇನ್ಸ್ ಪ್ರದೇಶಕ್ಕೂ ನುಗ್ಗುತ್ತದೆ. ಕೊನೆಯ ಗಳಿಗೆಯಲ್ಲಿ ಒಂದು ಟ್ರ್ಯಾಕ್ ಸರಿಸಿ, ತಾಮ್ರವನ್ನು ಮತ್ತೆ ತುಂಬಿಸದೆ ಕಡತ ತೆಗೆದರೆ ಹಳೆಯ ತುಂಬುವಿಕೆಯೇ ಹೋಗುತ್ತದೆ. ಸರಿಸಿದ ಟ್ರ್ಯಾಕ್ ಅದರ ಮೇಲೆ ಕೂತು ಶಾರ್ಟ್ ಆಗಬಹುದು. ಕೈಕ್ಯಾಡ್‌ನಲ್ಲಿ 'ಬಿ' ಕೀಲಿ ಒತ್ತಿದರೆ ಮತ್ತೆ ತುಂಬುತ್ತದೆ. ಅದಾದ ಮೇಲೆ ಡಿಆರ್‌ಸಿ, ಅದಾದ ಮೇಲೆಯೇ ಗರ್ಬರ್.

ಮೂರನೆಯದು ಸೀಳು. ಆಪ್ಟೋಕಪ್ಲರ್ ಅಡಿಯಲ್ಲಿ, ರಿಲೇ ಕಾಲುಗಳ ನಡುವೆ ಬೋರ್ಡನ್ನೇ ಕೊರೆದು ಒಂದು ಸೀಳು ಬಿಡುತ್ತಾರೆ. ಧೂಳು ಕೂತು ತೇವವಾದರೂ ಕರೆಂಟು ಮೈ ಮೇಲೆ ಹರಿದು ದಾಟದಿರಲಿ ಎಂಬುದು ಉದ್ದೇಶ. ಈ ಸೀಳನ್ನು ಅಂಚಿನ ಪದರದಲ್ಲೇ, ಸುತ್ತಲೂ ಮುಚ್ಚಿದ ಗೆರೆಯಾಗಿ, ಕನಿಷ್ಠ 1 ಮಿ.ಮೀ. ಅಗಲದಲ್ಲಿ ಬರೆಯಬೇಕು. ಕೈಕ್ಯಾಡ್‌ನಲ್ಲಿ ಆ ಪದರದ ಹೆಸರು ಎಡ್ಜ್ ಕಟ್ಸ್. ಬಿಳಿ ಅಕ್ಷರದ ಪದರದಲ್ಲಿ ಬರೆದರೆ ಕಾರ್ಖಾನೆ ಅಲ್ಲಿ ಒಂದು ಬಿಳಿ ಗೆರೆ ಮುದ್ರಿಸಿ ಕಳುಹಿಸುತ್ತದೆ. ಟಿಪ್ಪಣಿಯ ಪದರದಲ್ಲಿ ಬರೆದರೆ ಅದೂ ಇಲ್ಲ. ಸೀಳಿಲ್ಲದ ಬೋರ್ಡು ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತದೆ. ಅದರ ಪರೀಕ್ಷೆ ಆಗುವುದು ಮೊದಲ ಮಳೆಗಾಲದಲ್ಲಿ. ಆದ್ದರಿಂದ ಆರ್ಡರಿನ ಜೊತೆಗೆ 'ಒಳಗೆ ಇಷ್ಟು ಸೀಳುಗಳಿವೆ' ಎಂದು ಎಣಿಸಿ ಬರೆಯುವುದು ಲೇಸು.

ಬೋರ್ಡಿನ ಮೇಲೆ ಕನ್ನಡ, ತಮಿಳು ಅಕ್ಷರ

ಗಡಿ ಸೀಮೆಯ ರೈತರಿಗೆ ಕೊಡುವ ಬೋರ್ಡಿನ ಮೇಲೆ ಇಂಗ್ಲಿಷೇ ಏಕಿರಬೇಕು? 'ಮೋಟಾರ್', 'ಅಪಾಯ' ಎಂಬ ಪದಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಮುದ್ರಿಸಬಹುದು. 2023ರಲ್ಲಿ ಬಂದ ಕೈಕ್ಯಾಡ್ 7ರಿಂದ ಕಂಪ್ಯೂಟರಿನಲ್ಲಿರುವ ಯುನಿಕೋಡ್ ಅಕ್ಷರಶೈಲಿಗಳನ್ನು ಬಳಸಬಹುದಾಗಿದೆ. ಗರ್ಬರ್ ಆಗುವಾಗ ಅಕ್ಷರ ಬರೀ ಆಕಾರವಾಗಿ ಬದಲಾಗುವುದರಿಂದ ಕಾರ್ಖಾನೆಯವರ ಬಳಿ ಕನ್ನಡ ಫಾಂಟ್ ಇರಬೇಕಿಲ್ಲ. ಇಂಗ್ಲಿಷ್ ಅಕ್ಷರಕ್ಕೆ 1 ಮಿ.ಮೀ. ಎತ್ತರ ಸಾಕು. ಕನ್ನಡದ ಒತ್ತಕ್ಷರ ಅಷ್ಟಕ್ಕೆ ಮಸಿಯ ಚುಕ್ಕೆಯಾಗುತ್ತದೆ. ಎರಡರಿಂದ ಮೂರು ಮಿ.ಮೀ. ಎತ್ತರ, ಗೆರೆ 0.15 ಮಿ.ಮೀ.ಗಿಂತ ದಪ್ಪ ಇರಲಿ. ಅಕ್ಷರ ಪ್ಯಾಡ್ ಮೇಲೆ ಬಿದ್ದರೆ ಕಾರ್ಖಾನೆ ಅಷ್ಟು ಭಾಗವನ್ನು ಕತ್ತರಿಸಿಬಿಡುತ್ತದೆ. 'ಅಪಾಯ'ದ ಅರ್ಧ ಹೋದರೆ ಓದುವವರಿಗೆ ಏನೂ ತಿಳಿಯದು.

ಕಳುಹಿಸುವ ಮುನ್ನ

ಹೊರತೆಗೆದ ಕಡತಗಳನ್ನು ನಕ್ಷೆ ಬರೆದ ಕಿಟಕಿಯಲ್ಲೇ ನೋಡಿ ತೃಪ್ತಿಪಡಬಾರದು. ಗರ್ಬರ್ ತೋರಿಸುವ ಬೇರೆ ತಂತ್ರಾಂಶದಲ್ಲಿ ತೆರೆಯಬೇಕು. ಕೈಕ್ಯಾಡ್ ಜೊತೆಗೇ ಬರುವ ಗರ್ಬ್‌ವ್ಯೂ ಇದೆ, ಗರ್ಬ್‌ವಿ ಎಂಬ ಇನ್ನೊಂದು ಉಚಿತ ತಂತ್ರಾಂಶವಿದೆ. ಮೊದಲು ತಾಮ್ರದ ಮೇಲೆ ತೂತು ಇಟ್ಟು ನೋಡಬೇಕು, ಎಲ್ಲವೂ ಪ್ಯಾಡಿನ ನಡುವೆ ಕೂತಿವೆಯೇ ಎಂದು. ನಂತರ ಮಾಸ್ಕ್. ನಂತರ ಅಂಚು ಮತ್ತು ಸೀಳು ಮಾತ್ರ. ಬೋರ್ಡಿನ ಉದ್ದ ಅಗಲವನ್ನು ಅಲ್ಲಿಯೇ ಅಳೆದು ಪೆಟ್ಟಿಗೆಯ ಅಳತೆಗೆ ಹೋಲಿಸಬೇಕು.

ಇದಕ್ಕಿಂತಲೂ ಸುಲಭದ ಪರೀಕ್ಷೆ ಕಾಗದದ್ದು. ಮೇಲಿನ ಪದರವನ್ನು ಒಂದಕ್ಕೊಂದು ಅಳತೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ರಿಲೇ, ಟ್ರಾನ್ಸ್‌ಫಾರ್ಮರ್, ಕನೆಕ್ಟರುಗಳ ಕಾಲನ್ನು ಚುಚ್ಚಿ ನೋಡುವುದು. 'ಪುಟಕ್ಕೆ ಹೊಂದಿಸು' ಎಂಬ ಗುರುತು ತೆಗೆದಿರಬೇಕು, ಇಲ್ಲವಾದರೆ ಅಳತೆ ಕುಗ್ಗುತ್ತದೆ. ಬಿಡಿಭಾಗದ ತಪ್ಪು ನಮೂನೆ ಆರಿಸಿದ್ದರೆ ಕೆಲವೇ ರೂಪಾಯಿಯ ಕಾಗದದಲ್ಲಿ ಅದು ಗೊತ್ತಾಗುತ್ತದೆ.

ಎಲ್ಲ ಕಡತಗಳನ್ನೂ ಒಂದೇ ಜಿಪ್ ಮಾಡಿ, ಹೆಸರಿನಲ್ಲಿ ಬೋರ್ಡಿನ ಹೆಸರು ಮತ್ತು ತಾರೀಖು ಇರಲಿ. 'ಫೈನಲ್', 'ಫೈನಲ್ ಹೊಸದು' ಎಂಬಂಥ ಹೆಸರುಗಳಿಂದ ಹಳೆಯ ಜಿಪ್ ಹೋಗಿಬಿಡುವ ಸಂಭವವಿದೆ. ಜೊತೆಗೆ ಒಂದು ಸಣ್ಣ ಟಿಪ್ಪಣಿ ಕಡತ: ಪದರ 2, ಹಲಗೆ ಎಫ್‌ಆರ್-4, ದಪ್ಪ 1.6 ಮಿ.ಮೀ., ತಾಮ್ರ 35 ಮೈಕ್ರಾನ್, ಮಾಸ್ಕಿನ ಬಣ್ಣ, ಪ್ಯಾಡಿನ ಮೇಲೆ ಸೀಸದ ಬೆಸುಗೆಯೋ ಸೀಸವಿಲ್ಲದ್ದೋ, ಸಂಖ್ಯೆ ಎಷ್ಟು, ವಿದ್ಯುತ್ ಪರೀಕ್ಷೆ ಬೇಕೇ. ಬಿಡಿಭಾಗಗಳನ್ನೂ ಅವರಿಂದಲೇ ಕೂರಿಸುವುದಾದರೆ ಸಾಮಾನು ಪಟ್ಟಿ ಹಾಗೂ ಪ್ರತಿ ಬಿಡಿಭಾಗದ ಜಾಗ, ದಿಕ್ಕು ಹೇಳುವ ಕಡತ ಬೇಕು. ಡಯೋಡಿನ ದಿಕ್ಕನ್ನು ಎರಡು ಸಲ ನೋಡಬೇಕು.

ಕಾರ್ಖಾನೆಯಿಂದ ಪ್ರಶ್ನೆ ಬಂದರೆ ಅದು ಕಿರಿಕಿರಿಯಲ್ಲ, ಅದೃಷ್ಟ. ಅರ್ಥವಾಗದಿದ್ದರೆ 'ಸರಿ, ಮಾಡಿ' ಎನ್ನದೆ ಚಿತ್ರ ಕೇಳಿ ನೋಡಬೇಕು.

ಎಲ್ಲಿ ಮಾಡಿಸುವುದು?

ಮೈಸೂರು ಹತ್ತಿರದ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಆ್ಯಂಡ್ ಎಸ್ ಕಂಪನಿಯ ಬೋರ್ಡು ಕಾರ್ಖಾನೆಯಿದೆ. ಅದು ದೊಡ್ಡ ಪ್ರಮಾಣದ ಉತ್ಪಾದನೆಯದು. ಐದು, ಹತ್ತು, ನೂರು ಬೋರ್ಡು ಮಾಡಿಕೊಡುವವರು ಬೆಂಗಳೂರಿನಲ್ಲಿದ್ದಾರೆ, ಗುಜರಾತಿನಿಂದ ಅಂತರಜಾಲದ ಮೂಲಕ ಆರ್ಡರ್ ತೆಗೆದುಕೊಳ್ಳುವವರೂ ಇದ್ದಾರೆ. ಚೀನಾದಿಂದ ತರಿಸುವವರು ಸುಂಕದ ಲೆಕ್ಕವನ್ನು ಮೊದಲೇ ಹಾಕಬೇಕು. ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಆರು ಪದರಗಳವರೆಗಿನ ಬೋರ್ಡುಗಳ ಮೇಲೆ ಭಾರತ ಸರ್ಕಾರ 2024ರ ಮಾರ್ಚ್‌ನಲ್ಲಿ ಸುರಿಹಾವಳಿ ತಡೆ ಸುಂಕ ಹಾಕಿತು. ದೇಶದಲ್ಲೇ ಬಿಡಿಭಾಗ ಮತ್ತು ಬೋರ್ಡು ತಯಾರಿಕೆ ಹೆಚ್ಚಿಸಲು 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ.

ಅತ್ತಿಬೆಲೆ ಗಡಿ ದಾಟಿ ಬರುವ ಮಾಲಿಗೆ ಬಿಲ್ಲಿನಲ್ಲಿ ಐಜಿಎಸ್‌ಟಿ ಬೀಳುತ್ತದೆ. ನೋಂದಣಿ ಇರುವವರು ತಮಿಳುನಾಡಿನ ವಿಳಾಸವಿರುವ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಆರ್ಡರ್ ಹಾಕುವಾಗಲೇ ಕೊಟ್ಟರೆ ಆ ತೆರಿಗೆಯನ್ನು ಲೆಕ್ಕಕ್ಕೆ ಪಡೆಯಬಹುದು.

ಮೊದಲ ಸಲ ಐದೇ ಬೋರ್ಡು ತರಿಸುವುದು ಜಾಣತನ. ಬಂದ ಬೋರ್ಡಿಗೆ ಬಿಡಿಭಾಗ ಕೂರಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಫೇಸ್-ನ್ಯೂಟ್ರಲ್ ನಡುವೆ, 5 ವೋಲ್ಟ್-ಗ್ರೌಂಡ್ ನಡುವೆ, ಮೇನ್ಸ್ ಮತ್ತು ಕಡಿಮೆ ವೋಲ್ಟಿನ ಗ್ರೌಂಡ್ ನಡುವೆ ಸದ್ದು ಬರುತ್ತದೆಯೇ ನೋಡಬೇಕು. ಸ್ಕೇಲಿನಿಂದ ಅಂತರ ಅಳೆಯಬೇಕು, ಸೀಳಿನಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಎಲ್ಲ ಸರಿಯಿದ್ದರೆ ನೂರರ ಆರ್ಡರಿಗೆ ಅದೇ ಜಿಪ್ ಕಡತವನ್ನು ಒಂದಕ್ಷರವೂ ಬದಲಿಸದೆ ಕಳುಹಿಸಬೇಕು. ಬದಲಿಸಿದ್ದೇ ಆದರೆ ಮತ್ತೆ ಐದರಿಂದ ಶುರು.